ವಾಲ್ಟರ್ ಪ್ಲೌರೈಟ್: ಜಾನುವಾರುಗಳ ದೊಡ್ಡರೋಗಕ್ಕೆ ಲಸಿಕೆ ಕೊಟ್ಟ ವಿಜ್ಞಾನಿ

ಜನನ: 1923, ಇಂಗ್ಲೆಂಡಿನ ಲಿಂಕನ್‌ಶೈರ್. ನಿಧನ: 2010.

ಶಿಕ್ಷಣ: ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜು.

ಕಾರ್ಯಕ್ಷೇತ್ರ: ಕೀನ್ಯಾದ ಮುಗುಗದಲ್ಲಿದ್ದ ಪಶುವೈದ್ಯ ಸಂಶೋಧನಾ ಸಂಸ್ಥೆ.

ರೋಗ: ರಿಂಡರ್‌ಪೆಸ್ಟ್ (ದೊಡ್ಡರೋಗ). ವಿಪರೀತ ಜ್ವರ, ಬಾಯಿಹುಣ್ಣು, ಭೇದಿಯಿಂದ ನರಳಿ ದನ, ಎಮ್ಮೆಗಳು ಕೆಲವೇ ದಿನಗಳಲ್ಲಿ ಸಾಯುತ್ತಿದ್ದವು. ಉಳುವ ಎತ್ತು, ಕರೆಯುವ ಹಸು ಎರಡನ್ನೂ ಕಳೆದುಕೊಂಡ ಸಣ್ಣ ರೈತನಿಗೆ ಬೇರೆ ಆಸರೆ ಇರುತ್ತಿರಲಿಲ್ಲ.

ಸಾಧನೆ: ಕರುವಿನ ಮೂತ್ರಪಿಂಡದ ಜೀವಕೋಶಗಳಲ್ಲಿ ವೈರಸ್ಸನ್ನು ಮತ್ತೆ ಮತ್ತೆ ಬೆಳೆಸಿ, ರೋಗ ತರುವ ಶಕ್ತಿಯನ್ನು ಕುಂದಿಸಿ ಅಂಗಾಂಶ ಕೃಷಿ ಲಸಿಕೆ ತಯಾರಿಸಿದರು. ಇದು ಅಗ್ಗವೂ ಸುರಕ್ಷಿತವೂ ಆಗಿತ್ತು. ಒಂದೇ ಡೋಸ್ ದೀರ್ಘಕಾಲದ ರಕ್ಷಣೆ ನೀಡುತ್ತಿತ್ತು. ಹಿಂದಿನ ಮೇಕೆ ಅಂಗಾಂಶ ಲಸಿಕೆ ಕೆಲವು ತಳಿಗಳಿಗೆ ಒಗ್ಗುತ್ತಿರಲಿಲ್ಲ. ಹೊಸ ಲಸಿಕೆ ಎಲ್ಲ ತಳಿಗಳಿಗೂ ಹೊಂದಿತು.

ಗೌರವ: 1999ರ ವಿಶ್ವ ಆಹಾರ ಪ್ರಶಸ್ತಿ.

ನೆನಪಿಡಿ:
- ರೋಗಕಾರಕ: ಮಾರ್ಬಿಲಿವೈರಸ್ ಕುಲದ ವೈರಸ್, ದಡಾರದ ವೈರಸ್ಸಿಗೆ ಹತ್ತಿರದ ಸಂಬಂಧಿ.
- ಭಾರತ ಸೋಂಕುಮುಕ್ತವೆಂದು ಮಾನ್ಯತೆ: 2006.
- ಜಾಗತಿಕ ನಿರ್ಮೂಲನೆ ಘೋಷಣೆ: 2011.
- ಸಿಡುಬಿನ ನಂತರ ಭೂಮಿಯಿಂದ ಸಂಪೂರ್ಣ ನಿರ್ಮೂಲನೆಯಾದ ಎರಡನೆಯ ರೋಗ ಇದು, ಪ್ರಾಣಿರೋಗಗಳಲ್ಲಿ ಮೊದಲನೆಯದು.