ಬರೆದಿಟ್ಟ ಸಾಲ, ಬಚ್ಚಿಟ್ಟ ಸಾಲ

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವ ವಿಷಯದ್ದು? ನಮಾಝ್, ಉಪವಾಸ, ಹಜ್ಜ್‌ಗಳದ್ದಲ್ಲ, ಸಾಲದ್ದು. ಅವಧಿ ಗೊತ್ತುಪಡಿಸಿ ಸಾಲದ ವ್ಯವಹಾರ ಮಾಡುವಾಗ ಅದನ್ನು ಬರೆದಿಡಬೇಕೆಂದು ಅಲ್ ಬಕರಃ ಅಧ್ಯಾಯದ 282ನೇ ಸೂಕ್ತದಲ್ಲಿ ಅಲ್ಲಾಹನು ಆದೇಶಿಸಿದ್ದಾನೆ. ಮೊತ್ತ ಚಿಕ್ಕದಿರಲಿ, ದೊಡ್ಡದಿರಲಿ, ಬರೆಯಲು ಬೇಸರಿಸಬಾರದು. ಬರೆಯುವವನು ನ್ಯಾಯ ಪಾಲಿಸಬೇಕು. ಸಾಕ್ಷಿಗಳಿರಬೇಕು. ಇಲ್ಲೊಂದು ಗಮನಾರ್ಹ ಅಂಶವಿದೆ. ಪತ್ರವನ್ನು ಹೇಳಿ ಬರೆಸಬೇಕಾದವನು ಸಾಲ ಕೊಟ್ಟವನಲ್ಲ, ಪಡೆದವನು. ತನ್ನ ಮೇಲಿನ ಹೊಣೆ ಎಷ್ಟೆಂದು ಅವನೇ ಹೇಳಬೇಕು. ಅದರಲ್ಲಿ ಏನನ್ನೂ ಕಡಿಮೆ ಮಾಡಬಾರದು.

ಈ ಆದೇಶವನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ತೈಲ ಸಂಪನ್ನ ಅಬುಧಾಬಿಯಲ್ಲಿ ಒಂದು ನಿದರ್ಶನವಿದೆ.

ಕುಸಿದ ಸಾಮ್ರಾಜ್ಯ

ಉಡುಪಿ ಜಿಲ್ಲೆಯ ಕಾಪುವಿನವರಾದ ಬಿ.ಆರ್. ಶೆಟ್ಟಿಯವರು 1973ರಲ್ಲಿ ಅಬುಧಾಬಿಗೆ ಹೋದರು. 1975ರಲ್ಲಿ ಸಣ್ಣ ಚಿಕಿತ್ಸಾಲಯವಾಗಿ ಆರಂಭವಾದ ಅವರ ಎನ್‌ಎಂಸಿ, ಸಂಯುಕ್ತ ಅರಬ್ ಸಂಸ್ಥಾನದ ಅತಿದೊಡ್ಡ ಖಾಸಗಿ ಆಸ್ಪತ್ರೆ ಸಂಸ್ಥೆಗಳಲ್ಲೊಂದಾಗಿ ಬೆಳೆಯಿತು. ಗಲ್ಫ್‌ನ ದುಡಿಮೆಗಾರರು ಊರಿಗೆ ಹಣ ಕಳುಹಿಸುತ್ತಿದ್ದ ಯುಎಇ ಎಕ್ಸ್‌ಚೇಂಜ್ ಕೂಡಾ ಅವರೇ ಬೆಳೆಸಿದ್ದು. 2012ರಲ್ಲಿ ಎನ್‌ಎಂಸಿ ಲಂಡನ್ ಷೇರು ಮಾರುಕಟ್ಟೆಯನ್ನು ಪ್ರವೇಶಿಸಿತು.

2019ರ ಡಿಸೆಂಬರಿನಲ್ಲಿ ಅದರ ಲೆಕ್ಕಪತ್ರಗಳ ಬಗ್ಗೆ ಪ್ರಶ್ನೆಗಳೆದ್ದವು. ಲೆಕ್ಕದಲ್ಲಿ ಕಾಣದ ಸುಮಾರು 400 ಕೋಟಿ ಡಾಲರ್ ಸಾಲ ಬಯಲಾಗಿ, ಒಟ್ಟು ಸಾಲ ಸುಮಾರು 660 ಕೋಟಿ ಡಾಲರ್ ಎಂದಾಯಿತು. 2020ರ ಏಪ್ರಿಲ್‌ನಲ್ಲಿ ಕಂಪೆನಿಯ ಆಡಳಿತವನ್ನು ನ್ಯಾಯಾಲಯ ನೇಮಿಸಿದವರು ವಹಿಸಿಕೊಂಡರು. ತಾವೇ ವಂಚನೆಗೊಳಗಾದೆವೆಂದು ಶೆಟ್ಟಿಯವರು ಹೇಳಿದ್ದಾರೆ. ದೋಷ ಯಾರದೆಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ನಾವು ಕಲಿಯಬೇಕಾದ ಪಾಠ ಇಷ್ಟೇ: ನಲವತ್ತೈದು ವರ್ಷ ಕಟ್ಟಿದ್ದನ್ನು ಬಚ್ಚಿಟ್ಟ ಸಾಲ ಕೆಲವೇ ತಿಂಗಳಲ್ಲಿ ಕೆಡವಿತು.

ಬದುಕಿರುವಾಗಲೇ ಲೆಕ್ಕ

ನೆರೆಯ ಸೌದಿ ಅರೇಬಿಯಾದಲ್ಲಿ ಇನ್ನೊಂದು ಮಾದರಿಯಿದೆ. ಸುಲೈಮಾನ್ ಅಲ್ ರಾಜ್‌ಹಿಯವರು ಬಾಲ್ಯದಲ್ಲಿ ರಿಯಾದ್‌ನಲ್ಲಿ ಹೊರೆ ಹೊತ್ತು ದುಡಿದವರು. ಸಹೋದರರೊಂದಿಗೆ ಅವರು ಕಟ್ಟಿದ ಅಲ್ ರಾಜ್‌ಹಿ ಬ್ಯಾಂಕ್ ಜಗತ್ತಿನ ಅತಿದೊಡ್ಡ ಇಸ್ಲಾಮೀ ಬ್ಯಾಂಕ್‌ಗಳಲ್ಲೊಂದು. ತಮ್ಮ ಸಂಪತ್ತಿನ ದೊಡ್ಡ ಪಾಲನ್ನು ವಕ್ಫ್ ಮಾಡಿ, ಉಳಿದುದನ್ನು ಬದುಕಿರುವಾಗಲೇ ಕುಟುಂಬದವರಿಗೆ ಹಂಚಿದರು. 2012ರಲ್ಲಿ ಇಸ್ಲಾಮಿನ ಸೇವೆಗಾಗಿ ಅವರಿಗೆ ದೊರೆ ಫೈಸಲ್ ಪ್ರಶಸ್ತಿ ಲಭಿಸಿತು. ಮರಣಕ್ಕೆ ಮುನ್ನವೇ ಲೆಕ್ಕ ಮುಗಿಸುವುದು ಸತ್ಯವಿಶ್ವಾಸಿಯ ಲಕ್ಷಣ.

ನಮ್ಮ ಮನೆಯ ಲೆಕ್ಕ

ಕೋಟಿಗಳ ಮಾತು ನಮಗೇಕೆ ಎನ್ನಬೇಡಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲೂ ಉದ್ರಿಯಿಲ್ಲದೆ ವ್ಯಾಪಾರ ಕಷ್ಟ. ಬೀಜ, ಗೊಬ್ಬರ, ಕಿರಾಣಿ ಎಲ್ಲವನ್ನೂ 'ಸುಗ್ಗಿಗೆ ಕೊಡುತ್ತೇನೆ' ಎಂದು ತರುತ್ತೇವೆ. ಮಗಳ ಮದುವೆಗೆ, ಗಲ್ಫ್‌ನ ವೀಸಾಕ್ಕೆ ನೆಂಟರಿಂದ ಕೈಗಡ ಪಡೆಯುತ್ತೇವೆ. 'ನಮ್ಮವರೇ ಅಲ್ಲವೇ, ಬರೆಯುವುದೇಕೆ?' ಎನ್ನುತ್ತೇವೆ. ಯಜಮಾನನ ಮರಣಾನಂತರ ಸಾಲಗಾರರು ಬಾಗಿಲಿಗೆ ಬಂದಾಗ ಪತ್ನಿಗೆ ಏನೂ ತಿಳಿದಿರುವುದಿಲ್ಲ. ಕೊಟ್ಟವನು ಸುಳ್ಳನೆನಿಸುತ್ತಾನೆ, ವಿಧವೆ ವಂಚಕಿಯೆನಿಸುತ್ತಾಳೆ. ಇಲ್ಲಿ ಇಬ್ಬರೂ ನಿರ್ದೋಷಿಗಳು, ತಪ್ಪಿದ್ದು ಬರೆಯದಿದ್ದುದರಲ್ಲಿ.

ಸಾಲ ಉಳಿಸಿ ತೀರಿಕೊಂಡ ಒಬ್ಬರ ಜನಾಝ ತಂದಾಗ ಪ್ರವಾದಿ ಮುಹಮ್ಮದ್(ಸ)ರು ತಾವು ನಮಾಝ್ ಮಾಡಿಸದೆ ಹಿಂದೆ ಸರಿದರು. ಅಬೂ ಕತಾದ(ರ)ರು ಆ ಸಾಲದ ಹೊಣೆ ಹೊತ್ತ ಬಳಿಕವೇ ನಮಾಝ್ ನಿರ್ವಹಿಸಿದರು. ಹುತಾತ್ಮನ ಪಾಪಗಳೆಲ್ಲ ಕ್ಷಮಿಸಲ್ಪಟ್ಟರೂ ಸಾಲ ಉಳಿಯುತ್ತದೆಂದು ಅವರು ಎಚ್ಚರಿಸಿದ್ದಾರೆ. ಸಾಲ ತೀರಿದ ಬಳಿಕವೇ ವಾರಸುದಾರರಿಗೆ ಆಸ್ತಿಯ ಪಾಲು.

ಆದ್ದರಿಂದ ಸಹೋದರ ಸಹೋದರಿಯರೇ, ಇಂದೇ ಇಷ್ಟನ್ನು ಮಾಡಿರಿ:

1. ಕೊಡಬೇಕಾದುದನ್ನೂ ಬರಬೇಕಾದುದನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ. 'ಸುಗ್ಗಿಗೆ' ಎನ್ನದೆ ತಿಂಗಳು, ತಾರೀಕು ನಮೂದಿಸಿರಿ.

2. ಪುಸ್ತಕ ಎಲ್ಲಿದೆಯೆಂದು ಪತ್ನಿಗೂ ದೊಡ್ಡ ಮಕ್ಕಳಿಗೂ ತಿಳಿಸಿರಿ.

3. ಶಕ್ತಿಯಿದ್ದರೆ ತೀರಿಸಲು ತಡಮಾಡಬೇಡಿರಿ, ಅದು ಅನ್ಯಾಯ. ಸಾಲಗಾರನು ಸಂಕಷ್ಟದಲ್ಲಿದ್ದರೆ ಕಾಲಾವಕಾಶ ಕೊಡಿರಿ. ಅದು ಅಲ್ಲಾಹನ ಆಜ್ಞೆ.

ಯಾರದೇ ಹಕ್ಕನ್ನು ಹೊತ್ತುಕೊಂಡು ತನ್ನ ಸನ್ನಿಧಿಗೆ ಹೋಗದಂತೆ ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ. ಆಮೀನ್.