ಮುಗ್ಗಟ್ಟಿನ ಕಾಲದಲ್ಲಿ ಮನೆಯ ಕ್ರಯ-ವಿಕ್ರಯ

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಮನೆ ಮಾರಿ ನೋಡು ಎಂದು ಅವರು ಹೇಳಲಿಲ್ಲ. ಅವರ ಕಾಲದಲ್ಲಿ ಮನೆ ಮಾರುವುದೆಂದರೆ ಮನೆತನ ಮುಳುಗಿತೆಂದೇ ಅರ್ಥ. ಇಂದು ಕಾಲ ಬದಲಾಗಿದೆ. ಬ್ರಹ್ಮಾವರದಿಂದ ಬೈಂದೂರಿನ ತನಕ ಬಸ್ಸಿನ ಕಿಟಕಿಯಿಂದ ನೋಡುತ್ತ ಹೋದರೆ "ಮನೆ ಮಾರಾಟಕ್ಕಿದೆ" ಎಂಬ ಫಲಕಗಳು ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಕೆಲವು ಎರಡು ಮೂರು ಮಳೆಗಾಲಗಳನ್ನು ಕಂಡು, ಅಕ್ಷರ ಮಾಸಿದರೂ ಇದ್ದಲ್ಲೇ ಇರುತ್ತವೆ. ಕೊಳ್ಳುವವರಿಲ್ಲವೆಂದು ಮಾರುವವನ ದೂರು. ಬೆಲೆ ಇಳಿಯಲಿಲ್ಲವೆಂದು ಕೊಳ್ಳುವವನ ದೂರು. ಈ ಎರಡು ದೂರುಗಳೂ ಏಕಕಾಲಕ್ಕೆ ನಿಜವಾಗುವುದು ಹೇಗೆ? ಇದಕ್ಕೆ ಉತ್ತರ ಹುಡುಕುವುದೂ, ಅಂಥ ಕಾಲದಲ್ಲಿ ಇಬ್ಬರೂ ಹೇಗೆ ನಡೆದುಕೊಳ್ಳಬೇಕೆಂಬುದನ್ನು ವಿಚಾರಿಸುವುದೂ ಈ ಲೇಖನದ ಉದ್ದೇಶ.

1. ನಮ್ಮ ಕಡೆಯ ಮನೆಪೇಟೆಯ ಲಕ್ಷಣ

ಕುಂದಾಪುರ, ಬೈಂದೂರು, ಬ್ರಹ್ಮಾವರ ಇಂದು ಉಡುಪಿ ಜಿಲ್ಲೆಯ ಮೂರು ತಾಲೂಕುಗಳು. 2018ಕ್ಕೆ ಮುಂಚೆ ಬೈಂದೂರು ಕುಂದಾಪುರಕ್ಕೂ ಬ್ರಹ್ಮಾವರ ಉಡುಪಿಗೂ ಸೇರಿದ್ದವು. ಆಡಳಿತದ ಗಡಿ ಏನೇ ಇರಲಿ, ಈ ಪ್ರದೇಶದ ಮನೆಗಳಿಗೆ ಒಂದು ಸಮಾನ ಲಕ್ಷಣವುಂಟು. ಮನೆ ನಿಲ್ಲುವುದು ಇಲ್ಲಿ; ಅದನ್ನು ಕಟ್ಟುವ ಹಣ ಹುಟ್ಟುವುದು ಬಹುಮಟ್ಟಿಗೆ ಬೇರೆ ಕಡೆ. ಮುಂಬಯಿ, ಬೆಂಗಳೂರುಗಳ ಹೋಟೆಲುಗಳಲ್ಲಿ ದುಡಿದವರು, ಗಂಗೊಳ್ಳಿ ಶಿರೂರುಗಳಿಂದ ಕೊಲ್ಲಿ ದೇಶಗಳಿಗೆ ಹೋದವರು, ಬ್ಯಾಂಕಿನ ನೌಕರಿಯಲ್ಲಿ ಊರೂರು ಸುತ್ತಿದವರು ಕಳುಹಿಸಿದ ಹಣದಿಂದ ಇಲ್ಲಿನ ಮುರಕಲ್ಲಿನ ಗೋಡೆಗಳು ಎದ್ದಿವೆ.

ಹೀಗಿರುವುದರಿಂದ ಮುಗ್ಗಟ್ಟು ಕೂಡ ನಮಗೆ ಹೊರಗಿನಿಂದಲೇ ಬರುತ್ತದೆ. 1990ರ ಆಗಸ್ಟಿನಲ್ಲಿ ಇರಾಕ್ ದೇಶ ಕುವೈತನ್ನು ಆಕ್ರಮಿಸಿದಾಗ ಒಂದು ಲಕ್ಷಕ್ಕೂ ಮಿಕ್ಕಿ ಭಾರತೀಯರು ವಿಮಾನಗಳಲ್ಲಿ ಹಿಂದಿರುಗಬೇಕಾಯಿತು. 2008ರಲ್ಲಿ ಅಮೆರಿಕದಲ್ಲಿ ಎದ್ದ ಹಣಕಾಸಿನ ಬಿರುಗಾಳಿ ಮರುವರ್ಷ ದುಬಾಯಿಯ ಕಟ್ಟಡದ ಕೆಲಸಗಳನ್ನು ನಿಲ್ಲಿಸಿತು. 2016ರ ನವೆಂಬರ 8ರಂದು 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾದವು. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ದೇಶದ ಹೋಟೆಲುಗಳೆಲ್ಲ ಬಾಗಿಲು ಹಾಕಿದವು. ಇವುಗಳಲ್ಲಿ ಒಂದೂ ನಮ್ಮ ಊರಿನಲ್ಲಿ ಹುಟ್ಟಿದ್ದಲ್ಲ. ಆದರೆ ಪ್ರತಿಯೊಂದರ ಪೆಟ್ಟೂ ಇಲ್ಲಿನ ಅರ್ಧಕ್ಕೆ ನಿಂತ ಗೋಡೆಗಳ ಮೇಲೆ ಬಿತ್ತು.

2. ಬೆಲೆಗಿಂತ ಮೊದಲು ವ್ಯಾಪಾರ ನಿಲ್ಲುತ್ತದೆ

ಬೇಡಿಕೆ ಕುಗ್ಗಿದರೆ ಬೆಲೆ ಇಳಿಯಬೇಕೆಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಗಂಗೊಳ್ಳಿಯ ಬಂದರಿನಲ್ಲಿ ಈ ಪಾಠವನ್ನು ಕಣ್ಣಾರೆ ಕಾಣಬಹುದು. ಬೆಳಗ್ಗೆ ಬಂದ ಬಂಗುಡೆಗೆ ಗಿರಾಕಿಗಳು ಕಡಿಮೆಯಾದರೆ ಮಧ್ಯಾಹ್ನದೊಳಗೆ ಬೆಲೆ ಬೀಳುತ್ತದೆ, ಮೀನು ಕಾಯಲಾರದು. ಮನೆಯಾದರೋ ಕಾಯಬಲ್ಲದು, ಅಥವಾ ಕಾಯಬಲ್ಲದೆಂದು ಒಡೆಯನು ನಂಬುತ್ತಾನೆ. ಆದುದರಿಂದ ಬೇಡಿಕೆ ಕುಗ್ಗಿದಾಗ ಅವನು ಬೆಲೆಯನ್ನು ಇಳಿಸುವುದಿಲ್ಲ, ಬಾಗಿಲಿಗೆ ಬೀಗ ಹಾಕುತ್ತಾನೆ. ಬೆಲೆ ಕಾಗದದ ಮೇಲೆ ಹಾಗೆಯೇ ಉಳಿದು ವ್ಯಾಪಾರ ಮಾತ್ರ ನಿಂತುಹೋಗುತ್ತದೆ. ನಾವು ಮೊದಲು ಕೇಳಿದ ಪ್ರಶ್ನೆಗೆ ಉತ್ತರವಿಷ್ಟೆ. ಕೊಳ್ಳುವವರೂ ಇಲ್ಲ, ಬೆಲೆಯೂ ಇಳಿದಿಲ್ಲ, ಎರಡೂ ನಿಜ.

ಇದು ನಮ್ಮವರೊಬ್ಬರ ಹಟವೇನೂ ಅಲ್ಲ. ಅಮೆರಿಕದ ಬೋಸ್ಟನ್ ನಗರದಲ್ಲಿ 1990ರಿಂದ 1997ರ ತನಕ ನಡೆದ ಮನೆ ಮಾರಾಟಗಳನ್ನು ಜೆನೆಸೋವ್ ಮತ್ತು ಮೇಯರ್ ಎಂಬ ಇಬ್ಬರು ವಿದ್ವಾಂಸರು ಪರಿಶೀಲಿಸಿ 2001ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ತಾವು ಕೊಟ್ಟ ಬೆಲೆಗಿಂತ ಕಡಿಮೆಗೆ ಮಾರಬೇಕಾಗಿ ಬಂದವರು ಇತರರಿಗಿಂತ ಹೆಚ್ಚು ಬೆಲೆ ಹೇಳುತ್ತಿದ್ದರು, ಮತ್ತು ಅವರ ಮನೆಗಳು ಹೆಚ್ಚು ಕಾಲ ಮಾರಾಟವಾಗದೆ ಉಳಿಯುತ್ತಿದ್ದವು. ಕೊಟ್ಟ ಬೆಲೆ ಕಳೆದುಹೋದ ಸಂಗತಿ. ಇಂದಿನ ಗಿರಾಕಿಗೆ ಅದರಿಂದ ಆಗಬೇಕಾದುದೇನೂ ಇಲ್ಲ. ಆದರೆ ಮನುಷ್ಯನ ಮನಸ್ಸು ಅದನ್ನೇ ಹಿಡಿದು ನಿಲ್ಲುತ್ತದೆ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಮನೆ ಒಬ್ಬನದಾಗಿರುವುದಿಲ್ಲ. ಅಳಿಯಸಂತಾನದ ಕುಟುಂಬಗಳಲ್ಲಿ ಆಸ್ತಿ ಪಾಲಾಗಲು 1949ರ ಮದರಾಸು ಅಳಿಯಸಂತಾನ ಕಾಯಿದೆಯು ದಾರಿ ತೆರೆಯಿತು. ಇತರ ಮನೆತನಗಳಲ್ಲಿಯೂ ಪಾಲುಪಟ್ಟಿಗಳು ನಡೆದಿವೆ. ಮೂಲಮನೆಗೆ ಹಕ್ಕುದಾರರು ಹತ್ತು ಮಂದಿ ಇದ್ದರೆ ಕ್ರಯಪತ್ರಕ್ಕೆ ಹತ್ತು ಸಹಿಗಳು ಬೇಕು. ಬಂದ ಬೆಲೆ ಒಂಬತ್ತು ಮಂದಿಗೆ ಒಪ್ಪಿಗೆಯಾಗಿ ಹತ್ತನೆಯವರಿಗೆ ಆಗದಿದ್ದರೆ ಫಲಕವು ಇನ್ನೊಂದು ಮಳೆಗಾಲ ಕಾಣುತ್ತದೆ.

3. ಕಾಯುವುದಕ್ಕೂ ಕ್ರಯವುಂಟು

ನಾನು ಬಲ್ಲ ಒಂದು ಮನೆಯ ಸಂಗತಿಯನ್ನು ಇಲ್ಲಿ ಹೇಳಬೇಕು. ತಾಯಿ ತೀರಿಕೊಂಡ ಬಳಿಕ ನಾಲ್ವರು ಮಕ್ಕಳು ಮನೆಯನ್ನು ಮಾರಲು ನಿಶ್ಚಯಿಸಿದರು. ನೋಟು ರದ್ದಾಗುವ ಹಿಂದಿನ ವರ್ಷ ಒಬ್ಬ ಗಿರಾಕಿ ಬಂದ. ಅವನು ಹೇಳಿದ ಬೆಲೆ ಮಕ್ಕಳ ಎಣಿಕೆಗಿಂತ ತುಸು ಕಡಿಮೆ. "ಅಪ್ಪಯ್ಯ ಕಟ್ಟಿದ್ ಮನಿ, ಅಷ್ಟ್ ಕಮ್ಮಿಗೆ ಕೊಡುಕಾತಿಲ್ಲೆ" ಎಂದು ಹಿರಿಯ ಮಗ ಅವನನ್ನು ಕಳುಹಿಸಿಬಿಟ್ಟರು. ಆ ಮಾತಿನ ಹಿಂದಿದ್ದ ಪ್ರೀತಿಯನ್ನು ಯಾರೂ ಹಗುರವಾಗಿ ಕಾಣಲಾಗದು. ಆದರೆ ಅದರ ಲೆಕ್ಕವನ್ನು ಯಾರೂ ಹಾಕಲಿಲ್ಲ.

ಆ ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಒಬ್ಬನು ತನ್ನ ಮನೆಗೆ 40 ಲಕ್ಷ ರೂಪಾಯಿ ಹೇಳುತ್ತಾನೆ. 36 ಲಕ್ಷಕ್ಕೆ ಗಿರಾಕಿ ಇದ್ದಾನೆ. ಇವನು ಒಪ್ಪದೆ ಮೂರು ವರ್ಷ ಕಾದು ಕೊನೆಗೆ 40 ಲಕ್ಷಕ್ಕೇ ಮಾರುತ್ತಾನೆ, ಗೆದ್ದೆನೆಂದು ಹಿಗ್ಗುತ್ತಾನೆ. ಆದರೆ 36 ಲಕ್ಷವನ್ನು ಅಂದೇ ಪಡೆದು ಶೇಕಡಾ 6ರ ಚಕ್ರಬಡ್ಡಿಗೆ ಇಟ್ಟಿದ್ದರೆ ಮೂರು ವರ್ಷಗಳಲ್ಲಿ ಅದು ಸುಮಾರು 42 ಲಕ್ಷ 87 ಸಾವಿರವಾಗುತ್ತಿತ್ತು. ಗೆದ್ದೆನೆಂದವನು ಎರಡು ಮುಕ್ಕಾಲು ಲಕ್ಷಕ್ಕೂ ಹೆಚ್ಚು ಸೋತಿದ್ದಾನೆ.

ಇದರ ಮೇಲೆ ಮನೆಯ ಸವಕಳಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ಕರಾವಳಿಯಲ್ಲಿ ಬೀಗ ಹಾಕಿದ ಮನೆ ಬಹುಬೇಗ ಹಾಳಾಗುತ್ತದೆ. ಒಂದು ಹೆಂಚು ಜಾರಿದರೆ ಆ ವರ್ಷ ಪಕಾಸು ನೆನೆಯುತ್ತದೆ. ಮರುವರ್ಷ ಗೆದ್ದಲು ಏರುತ್ತದೆ. ಮೂರನೆಯ ವರ್ಷ ಮಾಡು ಕುಳಿತುಕೊಳ್ಳುತ್ತದೆ. ಇಡೀ ಮನೆಗೆ ಗಿರಾಕಿ ಸಿಗದೆ ಕಡೆಗೆ ಕಂಬ, ತೊಲೆ, ಬಾಗಿಲುಗಳನ್ನು ಬಿಡಿಬಿಡಿಯಾಗಿ ಮಾರಿದ ಉದಾಹರಣೆಗಳು ನಮ್ಮ ಕಡೆ ವಿರಳವಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮರಳಿ ನಿಲ್ಲಿಸಿ ಉಳಿಸಿದರು. ಆದರೆ ಎಲ್ಲ ಮನೆಗಳಿಗೂ ಆ ಭಾಗ್ಯ ದೊರೆಯದು.

ಆದುದರಿಂದ ಮಾರುವವನು ತನ್ನನ್ನು ಕೇಳಿಕೊಳ್ಳಬೇಕಾದುದು, ನಾನು ಎಷ್ಟು ಕೊಟ್ಟೆ ಎಂಬುದಲ್ಲ. ಇಂದು ಬರುವ ಬೆಲೆಗೆ ಈ ಮನೆಯನ್ನು ನಾನೇ ಕೊಳ್ಳುತ್ತಿದ್ದೆನೇ ಎಂಬುದು. ಕೊಳ್ಳುತ್ತಿದ್ದೆ ಎಂದಾದರೆ ಇಟ್ಟುಕೊಳ್ಳಲಿ, ಬಾಡಿಗೆಗೆ ಕೊಟ್ಟು ಒಲೆ ಉರಿಯುವಂತೆ ಮಾಡಲಿ. ಇಲ್ಲವೆಂದಾದರೆ ಕಾಯುವುದರಲ್ಲಿ ಅರ್ಥವಿಲ್ಲ.

4. ಒಂದನ್ನು ಮಾರಿ ಇನ್ನೊಂದನ್ನು ಕೊಳ್ಳುವವರು

ಇರುವ ಮನೆಯನ್ನು ಮಾರಿ ದೊಡ್ಡ ಮನೆಯನ್ನು ಕೊಳ್ಳಬೇಕೆಂದಿರುವವನು ಮುಗ್ಗಟ್ಟಿಗೆ ಹೆದರಬೇಕಾಗಿಲ್ಲ. ಅವನ ಮನೆ 40 ಲಕ್ಷ, ಕೊಳ್ಳಲಿರುವ ಮನೆ 60 ಲಕ್ಷ ಎನ್ನಿ. ಕೈಯಿಂದ ಹಾಕಬೇಕಾದ ವ್ಯತ್ಯಾಸ 20 ಲಕ್ಷ. ಎರಡೂ ಶೇಕಡಾ 20ರಷ್ಟು ಇಳಿದರೆ ಅವು 32 ಮತ್ತು 48 ಲಕ್ಷಗಳಾಗುತ್ತವೆ. ವ್ಯತ್ಯಾಸ 16 ಲಕ್ಷ. ಮಾರುವಲ್ಲಿ 8 ಲಕ್ಷ ಕಳೆದುಕೊಂಡಂತೆ ಕಂಡರೂ ಒಟ್ಟಿನಲ್ಲಿ ಅವನಿಗೆ 4 ಲಕ್ಷ ಉಳಿಯಿತು. ದೊಡ್ಡ ಮನೆಯಿಂದ ಚಿಕ್ಕ ಮನೆಗೆ ಹೋಗುವ ವೃದ್ಧ ದಂಪತಿಗಳಿಗೆ ಇದೇ ಲೆಕ್ಕ ತಲೆಕೆಳಗಾಗುತ್ತದೆ. ಅಂಥವರು, ಸಾಧ್ಯವಿದ್ದರೆ, ಪೇಟೆ ಚೇತರಿಸುವ ತನಕ ತಾಳುವುದೇ ಲೇಸು. ಮುಗ್ಗಟ್ಟು ಎಲ್ಲರಿಗೂ ಒಂದೇ ಬಗೆಯದಲ್ಲವೆಂಬುದನ್ನು ವಾಚಕರು ಗಮನಿಸಬೇಕು.

5. ಸಾಲದ ಮನೆ

ನಿಜವಾದ ಸಂಕಟ ಸಾಲಗಾರನದು. 50 ಲಕ್ಷದ ಮನೆಯನ್ನು 10 ಲಕ್ಷ ಸ್ವಂತ ಹಣ, 40 ಲಕ್ಷ ಸಾಲ ಹಾಕಿ ಕೊಂಡನೆನ್ನೋಣ. ರಿಸರ್ವ್ ಬ್ಯಾಂಕಿನ ನಿಯಮವು ಆ ಮೊತ್ತದ ಗೃಹಸಾಲವನ್ನು ಬೆಲೆಯ ಶೇಕಡಾ 80ಕ್ಕೆ ಮಿತಗೊಳಿಸಿದೆ. ಮರುವರ್ಷವೇ ಬೆಲೆ ಐದರಲ್ಲಿ ಒಂದು ಪಾಲು ಇಳಿದರೆ ಮನೆ 40 ಲಕ್ಷಕ್ಕೆ ಬರುತ್ತದೆ. ಮನೆಯ ಬೆಲೆ ಇಳಿದದ್ದು ಐದನೆಯ ಒಂದಂಶ. ಇವನ ಸ್ವಂತ ಹಣ ಹೋದದ್ದು ಬಹುಮಟ್ಟಿಗೆ ಪೂರ್ತಿ. ಅಮೆರಿಕದಲ್ಲಿ 2006ರಿಂದ 2012ರ ಒಳಗೆ ಮನೆಗಳ ಬೆಲೆ ಸರಾಸರಿ ಕಾಲು ಭಾಗಕ್ಕೂ ಮಿಕ್ಕಿ ಇಳಿದಾಗ ಲಕ್ಷಾಂತರ ಸಂಸಾರಗಳು ಮನೆ ಕಳೆದುಕೊಂಡದ್ದು ಹೀಗೆಯೇ.

ನಮ್ಮ ಜಿಲ್ಲೆಗೂ ಈ ಅನುಭವ ಹೊಸದಲ್ಲ. 1929ರ ಅನಂತರದ ಜಾಗತಿಕ ಮುಗ್ಗಟ್ಟಿನಲ್ಲಿ ಅಕ್ಕಿಯ ಬೆಲೆ ಕುಸಿಯಿತು. ಸಾಲದ ಮೊತ್ತ ಮಾತ್ರ ಕುಸಿಯಲಿಲ್ಲ. ಅಂದು ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿತ್ತು. ಸಾಲದ ಹೊರೆ ಎಷ್ಟು ಬೆಳೆಯಿತೆಂದರೆ ರಾಜಾಜಿಯವರ ಸರಕಾರವು 1938ರಲ್ಲಿ ಮದರಾಸು ಕೃಷಿಕರ ಋಣಪರಿಹಾರ ಕಾಯಿದೆಯನ್ನು ತಂದು ಹಳೆಯ ಸಾಲಗಳನ್ನು ಇಳಿಸಬೇಕಾಯಿತು.

ಇಂದು ಅಂಥ ರಕ್ಷಣೆಯನ್ನು ನಂಬಿ ಕೂರುವಂತಿಲ್ಲ. 2002ರ ಸರ್ಫೇಸಿ ಕಾಯಿದೆಯಂತೆ ಕಂತು ತಪ್ಪಿ ಸಾಲ ಕೆಟ್ಟ ಸಾಲವಾದರೆ ಬ್ಯಾಂಕು 60 ದಿನಗಳ ನೋಟೀಸು ಕೊಟ್ಟು, ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಮನೆಯನ್ನು ವಶಪಡಿಸಿ ಹರಾಜು ಹಾಕಬಹುದು. ಹರಾಜಿನಲ್ಲಿ ಒಳ್ಳೆಯ ಬೆಲೆ ಬರುವುದು ಅಪರೂಪ. ಕಂತು ಕಟ್ಟಲು ಆಗದೆಂದು ಕಂಡುಬಂದರೆ ನೋಟೀಸಿಗಾಗಿ ಕಾಯದೆ ಬ್ಯಾಂಕಿಗೆ ಹೋಗಿ ಅವಧಿ ವಿಸ್ತರಿಸಿಕೊಳ್ಳುವುದು ಮೊದಲ ದಾರಿ. ಅದೂ ಸಾಗದಿದ್ದರೆ ತಾನೇ ಗಿರಾಕಿ ಹುಡುಕಿ ಮಾರುವುದು ಎರಡನೆಯದು. ನಾಚಿಕೆಯಿಂದ ಸುಮ್ಮನಿರುವುದು ಎಲ್ಲಕ್ಕಿಂತ ದುಬಾರಿಯ ದಾರಿ.

6. ಕೊಳ್ಳುವವನು ನೋಡಬೇಕಾದ ಸಂಗತಿಗಳು

ಮುಗ್ಗಟ್ಟು ಕೊಳ್ಳುವವನಿಗೆ ಕೊಡುವ ದೊಡ್ಡ ವರ ಅಗ್ಗದ ಬೆಲೆಗಿಂತಲೂ ಸಾವಕಾಶ. ಬಿರುಸಿನ ಪೇಟೆಯಲ್ಲಿ ಒಂದೇ ದಿನದಲ್ಲಿ ಮುಂಗಡ ಕೊಡಬೇಕಾಗುತ್ತದೆ. ಮಂದ ಪೇಟೆಯಲ್ಲಿ ಮನೆಯನ್ನು ಆಷಾಢದ ಮಳೆಯಲ್ಲೊಮ್ಮೆ, ಮೇ ತಿಂಗಳ ಬಿಸಿಲಲ್ಲೊಮ್ಮೆ ನೋಡಬಹುದು. ಮಳೆಯಲ್ಲಿ ಸೋರುವ ಮಾಡೂ, ಅಂಗಳಕ್ಕೆ ನುಗ್ಗುವ ತೋಡಿನ ನೀರೂ ಕಾಣುತ್ತವೆ. ಬೇಸಗೆಯಲ್ಲಿ ಬಾವಿಯ ನೀರಿನ ನಿಜ ತಿಳಿಯುತ್ತದೆ. ಪಂಚಗಂಗಾವಳಿ, ಸೀತಾ, ಸ್ವರ್ಣಾ ನದಿಗಳ ಅಳಿವೆಯ ಮಗ್ಗುಲಲ್ಲಿ ಮಳೆಗಾಲದ ಸಿಹಿನೀರು ಬೇಸಗೆಯಲ್ಲಿ ಉಪ್ಪಾಗುವುದುಂಟು. ಮರವಂತೆಯಂಥ ಕಡಲಂಚಿನಲ್ಲಿ ಕೊರೆತವನ್ನೂ, ಕರಾವಳಿ ನಿಯಂತ್ರಣ ವಲಯದ ನಿರ್ಬಂಧಗಳನ್ನೂ ವಿಚಾರಿಸಬೇಕು.

ಇನ್ನು ಕಾಗದಪತ್ರಗಳು. ಮೊದಲನೆಯದಾಗಿ, ಮಾರುವವನ ಹಕ್ಕು ಎಂಥದೆಂದು ತಿಳಿಯಬೇಕು. ಮನೆಯ ಹಿಂದಿನ ಗುಡ್ಡವನ್ನು ತೋರಿಸಿ "ಅದೂ ನಮ್ಮದೇ" ಎಂದರೆ ಅದು ಕುಮ್ಕಿಯೇ ಎಂದು ಕೇಳಬೇಕು. ಕುಮ್ಕಿ ಸರಕಾರದ ಭೂಮಿಯ ಮೇಲಿನ ಅನುಕೂಲವೇ ಹೊರತು ಒಡೆತನವಲ್ಲ. ಅದಕ್ಕೆ ಸೆಂಟ್ಸ್ ಲೆಕ್ಕದಲ್ಲಿ ಹಣ ಕೊಡಲಾಗದು. ಎರಡನೆಯದಾಗಿ, ಮನೆ ನಿಂತ ಭೂಮಿ ವಾಸಕ್ಕೆಂದು ಪರಿವರ್ತನೆಯಾಗಿದೆಯೇ, ಪಂಚಾಯತಿಯ 9 ಮತ್ತು 11ರ ನಮೂನೆಗಳು ಸಿಕ್ಕಿವೆಯೇ ನೋಡಬೇಕು. ಮೂರನೆಯದಾಗಿ, ಋಣಭಾರ ಪತ್ರ ತೆಗೆಸಿ ಅಡವು ತೀರಿದೆಯೇ ಎಂದು ಪರೀಕ್ಷಿಸಬೇಕು. ನಾಲ್ಕನೆಯದಾಗಿ, ಕರಾರು ಪತ್ರದಿಂದ ಒಡೆತನ ಬಾರದೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆ ಹೇಳುತ್ತದೆ; ಬರಿಯ ಅಧಿಕಾರಪತ್ರದ ಮೂಲಕ ಮಾಡಿದ ಮಾರಾಟ ಮಾರಾಟವಲ್ಲವೆಂದು 2011ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ನೋಂದಾಯಿತ ಕ್ರಯಪತ್ರವೇ ಆಧಾರ. ಐದನೆಯದಾಗಿ, ಮಾರುವವರು ಅನಿವಾಸಿಗಳಾಗಿದ್ದರೆ ಆದಾಯ ತೆರಿಗೆಯನ್ನು ಹಿಡಿದು ಸರಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವನದು.

ಮಂದ ಪೇಟೆಯಲ್ಲಿ ಇನ್ನೊಂದು ತೊಡಕುಂಟು. ಮುದ್ರಾಂಕ ಶುಲ್ಕವನ್ನು ಸರಕಾರದ ಮಾರ್ಗಸೂಚಿ ಬೆಲೆ, ನಿಜವಾದ ಬೆಲೆ ಇವೆರಡರಲ್ಲಿ ಹೆಚ್ಚಿನದರ ಮೇಲೆ ಕಟ್ಟಬೇಕು. ನಿಜವಾದ ಬೆಲೆ ಮಾರ್ಗಸೂಚಿಗಿಂತ ಕೆಳಗೆ ಇಳಿದಿದ್ದರೆ ಕೊಳ್ಳುವವನು ಕೊಡದ ಹಣದ ಮೇಲೂ ಶುಲ್ಕ ತೆರುತ್ತಾನೆ. 2022ರ ಆರಂಭದಲ್ಲಿ ಕರ್ನಾಟಕ ಸರಕಾರವು ಈ ಬೆಲೆಯನ್ನು ತಾತ್ಕಾಲಿಕವಾಗಿ ಶೇಕಡಾ 10ರಷ್ಟು ಇಳಿಸಿತ್ತು. 2023ರ ಅಕ್ಟೋಬರದಲ್ಲಿ ಪರಿಷ್ಕರಿಸಿ ಏರಿಸಿತು. ಆದುದರಿಂದ ಚೌಕಾಸಿಗೆ ಕೂರುವ ಮುನ್ನ ಉಪನೋಂದಣಿ ಕಚೇರಿಯಲ್ಲಿ ಅಂದಿನ ದರವನ್ನು ವಿಚಾರಿಸುವುದು ಒಳ್ಳೆಯದು.

ಕಡೆಯದಾಗಿ, ಯಾವ ಕಾಗದದಲ್ಲಿಯೂ ಬರೆಯದ ಒಂದು ಹೊಣೆಯುಂಟು. ಜಾಗದಲ್ಲಿ ನಾಗಬನವಾಗಲಿ ದೈವದ ನೆಲೆಯಾಗಲಿ ಇದ್ದರೆ ಅದರ ಸೇವೆ ಯಾರ ಪಾಲಿಗೆ, ಹಳೆಯ ಮನೆಯವರು ವರ್ಷಕ್ಕೊಮ್ಮೆ ಬಂದು ಹೋಗಲು ದಾರಿ ಉಂಟೇ ಎಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು. ಇದನ್ನು ಮರೆತ ವ್ಯವಹಾರಗಳು ನೋಂದಣಿಯಾದ ಮೇಲೂ ಮುಗಿಯುವುದಿಲ್ಲ.

ಉಪಸಂಹಾರ

ಮೇಲೆ ಹೇಳಿದ ಆ ಮನೆಯ ಕಥೆ ಹೀಗೆ ಮುಗಿಯಿತು. ನೋಟು ರದ್ದಾದ ಮೇಲೆ ಮೂರು ವರ್ಷ ಯಾರೂ ಬರಲಿಲ್ಲ. 2020ರಲ್ಲಿ ಮುಂಬಯಿಯಲ್ಲಿದ್ದ ಮಗನ ಹೋಟೆಲು ಮುಚ್ಚಿತು, ಸಾಲಗಾರರು ಕಾಯಲಿಲ್ಲ. ಮಾಡು ಸೋರುತ್ತಿದ್ದ ಆ ಮನೆ, ಮೊದಲು ಬಂದ ಮಾತಿಗಿಂತ ಎಷ್ಟೋ ಕಡಿಮೆಗೆ, ಒಂದೇ ವಾರದಲ್ಲಿ ಕೈಬಿಟ್ಟಿತು. ಬೇಡವೆಂದು ಗಿರಾಕಿಯನ್ನು ಕಳುಹಿಸಿದ್ದ ಹಿರಿಯ ಮಗನೇ ಮೊದಲ ಸಹಿ ಹಾಕಿದರು.

ಆ ಮನೆಯವರು ಬೇಕಾಗಿದ್ದಾಗ ಕಾದರು. ಕಾಯಬೇಕಾಗಿದ್ದಾಗ ಕಾಯುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಮುಗ್ಗಟ್ಟಿನ ಪೇಟೆಯಲ್ಲಿ ಬೆಲೆಯನ್ನು ನಿಶ್ಚಯಿಸುವುದು ಕಾಯುವ ಶಕ್ತಿ. ಅದು ಸಾಲ ಕಡಿಮೆಯಿದ್ದವನಲ್ಲಿ, ಮನೆಯನ್ನು ರಿಪೇರಿಯಲ್ಲಿಟ್ಟವನಲ್ಲಿ, ಒಡಹುಟ್ಟಿದವರೊಡನೆ ಕೂತು ಲೆಕ್ಕ ಮಾತಾಡಬಲ್ಲವನಲ್ಲಿ ಇರುತ್ತದೆ. ನಮ್ಮ ಕಾಲೇಜಿನ ವಿದ್ಯಾರ್ಥಿ ಮಿತ್ರರಲ್ಲಿ ಅನೇಕರು ಇನ್ನು ಕೆಲವು ವರ್ಷಗಳಲ್ಲಿ ಊರು ಬಿಟ್ಟು ದುಡಿಯಲು ಹೋಗುವವರು. ಹೋಗುವ ಮುನ್ನ ನಿಮ್ಮ ಮನೆಯ ಪಹಣಿಯನ್ನೊಮ್ಮೆ ಓದಿ. ಅದರಲ್ಲಿ ಯಾರ ಯಾರ ಹೆಸರುಗಳಿವೆಯೆಂದು ಹಿರಿಯರನ್ನು ಕೇಳಿ ತಿಳಿದುಕೊಳ್ಳಿ. ಎಂದಾದರೂ ಆ ಮನೆಯನ್ನು ಮಾರುವ ಪ್ರಸಂಗ ಬಂದರೆ, ಅವಸರದಲ್ಲಿ ಕೇಳುವುದಕ್ಕಿಂತ ಇಂದು ಜಗಲಿಯಲ್ಲಿ ಕೂತು ಕೇಳುವುದು ಎಷ್ಟೋ ಸುಲಭ.