ಊರ ಕಾಡಿಗೆ ಮೋತಿಯೂ ಬಂದಿತು

ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಆದವಾನಿ ಪಟ್ಟಣವಿದೆ. ಇದನ್ನು ಆದೋನಿ ಎಂದೂ ಕರೆಯುವರು. ಇದರ ಸುತ್ತಮುತ್ತ ಎರೆಹೊಲಗಳೂ ಕಲ್ಲುಗುಡ್ಡಗಳೂ ಹೆಚ್ಚು. ಇಲ್ಲಿ ಮಳೆ ಕಡಿಮೆ. ರೈತರು ಹತ್ತಿ, ಶೇಂಗಾ, ಜೋಳ ಬೆಳೆಯುವರು. ಗುಡ್ಡಗಳಲ್ಲಿ ಬೇವು, ಕಗ್ಗಲಿ, ಬಾರೆ, ಸೀತಾಫಲ, ತಂಗಡಿ ಮುಂತಾದ ಗಿಡಮರಗಳು ಬೆಳೆಯುತ್ತವೆ.

ಇಂತಹ ಗುಡ್ಡದ ಬುಡದಲ್ಲಿ ಒಂದು ಊರು. ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಅಲ್ಲಿಯ ಶಾಲೆಯ ಮಕ್ಕಳು ಗುರುಗಳೊಡನೆ ಊರ ಕಾಡನ್ನು ನೋಡಲು ಹೊರಟರು. ಎಲ್ಲರ ಕೈಯಲ್ಲೂ ಬುತ್ತಿ ಇತ್ತು. ಐದನೆಯ ತರಗತಿಯ ಹುಡುಗನೊಬ್ಬನ ಹಿಂದೆ ಅವನ ನಾಯಿ ಮೋತಿಯೂ ಬಾಲ ಅಲ್ಲಾಡಿಸುತ್ತಾ ಬಂದಿತು. ಹುಡುಗನ ತಂದೆ ಕುರಿ ಕಾಯುವವರು. ರಾತ್ರಿಯೆಲ್ಲ ಕುರಿಹಟ್ಟಿಯನ್ನು ಕಾಯುವುದು ಮೋತಿಯ ಕೆಲಸ.

"ಗುರುಗಳೇ, ಮೋತಿಯೂ ನಮ್ಮ ಜೊತೆ ಬರಬಹುದೇ?" ಎಂದು ಹುಡುಗ ಕೇಳಿದನು.

"ಬರಲಿ. ಆದರೆ ಕೊರಳಿಗೆ ಹಗ್ಗ ಕಟ್ಟಿ ನೀನೇ ಹಿಡಿದುಕೊಳ್ಳಬೇಕು. ಅದಕ್ಕೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ್ದೀರಾ?" ಎಂದು ಗುರುಗಳು ಕೇಳಿದರು.

"ಹಾಕಿಸಿದ್ದೇವೆ ಗುರುಗಳೇ. ಅಪ್ಪ ದನದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು" ಎಂದು ಹೇಳಿ ಹುಡುಗ ಮನೆಗೆ ಓಡಿ ಹಗ್ಗ ತಂದನು.

ಕಾಡಿನ ಅಂಚಿನಲ್ಲಿ ಬೇವಿನ ಮರದ ಕೆಳಗೆ ಒಬ್ಬ ತಾತ ಕುಳಿತಿದ್ದರು. ಅಂದು ಕಾಡು ಕಾಯುವ ಸರದಿ ಅವರದು.

"ತಾತಾ, ಈ ಕಾಡು ಯಾರದು?" ಎಂದು ಮಕ್ಕಳು ಕೇಳಿದರು.

ತಾತ ಹೇಳಿದರು: "ಕಾಡು ಸರ್ಕಾರದ್ದು ಮಕ್ಕಳೇ, ಕಾಯುವವರು ನಾವು. ಹಿಂದೆ ಕಟ್ಟಿಗೆಗಾಗಿ ಎಲ್ಲರೂ ಮರ ಕಡಿದೆವು. ಗುಡ್ಡ ಬೋಳಾಯಿತು. ಮಳೆ ಬಂದರೆ ನೀರಿನ ಜೊತೆ ಮಣ್ಣೂ ಹರಿದು ಹೋಗುತ್ತಿತ್ತು. 1992ರಲ್ಲಿ ನಮ್ಮ ರಾಜ್ಯದಲ್ಲಿ ವನ ಸಂರಕ್ಷಣ ಸಮಿತಿಗಳು ಆರಂಭವಾದವು. ಆ ಮೇಲೆ ನಮ್ಮೂರಿನ ಗಂಡಸರೂ ಹೆಂಗಸರೂ ಸೇರಿ ಸಮಿತಿ ಮಾಡಿಕೊಂಡೆವು. ಅರಣ್ಯ ಇಲಾಖೆಯವರು ಸಸಿ ಕೊಟ್ಟರು. ಇಳಿಜಾರಿಗೆ ಅಡ್ಡವಾಗಿ ಕಂದಕಗಳನ್ನು ತೋಡಿದೆವು. ಮಳೆಯ ನೀರು ಅಲ್ಲಿಯೇ ಇಂಗಿತು. ಕಡಿದ ಬುಡಗಳೂ ಚಿಗುರಿದವು. ಈಗ ಹುಲ್ಲು, ಹಣ್ಣು, ಒಣ ಕಟ್ಟಿಗೆ ಊರಿನವರಿಗೆ ಸಿಗುತ್ತವೆ. ಹಸಿ ಮರಕ್ಕೆ ಮಾತ್ರ ಯಾರೂ ಕೊಡಲಿ ಹಾಕುವಂತಿಲ್ಲ."

ಮಕ್ಕಳು ಸಾಲಾಗಿ ಒಳಗೆ ನಡೆದರು. ದೂರದಲ್ಲಿ ನವಿಲು ಕೂಗಿತು. ಮರಗಳ ಆಚೆಯ ಬಯಲಿನಲ್ಲಿ ಕೃಷ್ಣಮೃಗಗಳ ಹಿಂಡು ಮೇಯುತ್ತಿತ್ತು. ಗಂಡಿನ ಮೈ ಕಪ್ಪು, ಹೊಟ್ಟೆ ಬಿಳುಪು. ತಲೆಯ ಮೇಲೆ ತಿರುಚಿದ ಉದ್ದನೆಯ ಕೊಂಬುಗಳು. ಹೆಣ್ಣಿನ ಮೈ ಕಂದು.

"ಇದು ಆಂಧ್ರಪ್ರದೇಶದ ರಾಜ್ಯಪ್ರಾಣಿ" ಎಂದರು ಗುರುಗಳು.

"ನಮ್ಮ ಹೊಲದ ಶೇಂಗಾ ಬೆಳೆಯನ್ನು ಇವು ತಿಂದುಹಾಕುತ್ತವೆ ಗುರುಗಳೇ" ಎಂದಳು ಒಬ್ಬ ಹುಡುಗಿ.

"ನಿಜ ಮಗೂ. ರೈತರಿಗೆ ನಷ್ಟವಾಗುತ್ತದೆ. ಹೊಲವನ್ನು ಕಾಯಲೇಬೇಕು. ಆದರೆ ಇವುಗಳನ್ನು ಬೇಟೆಯಾಡಬಾರದು, ನಾಯಿ ಬಿಟ್ಟು ಕೊಲ್ಲಿಸಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇವುಗಳನ್ನು ಕಾಪಾಡುತ್ತದೆ. ತಾಯಿಮೃಗ ತನ್ನ ಎಳೆಯ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ದೂರ ಮೇಯಲು ಹೋಗುತ್ತದೆ. ಮರಿ ಅಲುಗದೆ ಮಲಗಿರುತ್ತದೆ. ನಮ್ಮ ಕಣ್ಣಿಗೆ ಅದು ಕಾಣದು. ನಾಯಿಯ ಮೂಗಿಗೆ ಮಾತ್ರ ವಾಸನೆ ತಿಳಿಯುತ್ತದೆ" ಎಂದರು ಗುರುಗಳು.

ಅಷ್ಟರಲ್ಲಿ ಒಂದು ಟಿಟ್ಟಿಭ ಹಕ್ಕಿ ಮಕ್ಕಳ ತಲೆಯ ಮೇಲೆ ಸುತ್ತುತ್ತಾ ಗಟ್ಟಿಯಾಗಿ ಕೂಗತೊಡಗಿತು. ಮೋತಿ ಕಿವಿ ನಿಮಿರಿಸಿತು. ಒಮ್ಮೆಲೇ ಮುಂದಕ್ಕೆ ನೆಗೆಯಿತು. ಹಗ್ಗ ಹುಡುಗನ ಕೈಯಿಂದ ಜಾರಿತು!

"ಮೋತೀ, ನಿಲ್ಲು!" ಎಂದು ಕೂಗುತ್ತಾ ಹುಡುಗ ಓಡಿದನು. ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದ ಹಗ್ಗದ ತುದಿಯನ್ನು ಕಾಲಿನಿಂದ ಒತ್ತಿ ಹಿಡಿದನು. ಮೋತಿ ನಿಂತಿತು. ಅದರ ಮುಂಗಾಲಿನಿಂದ ಒಂದು ಗೇಣು ದೂರದಲ್ಲಿ, ಬೆಣಚುಕಲ್ಲುಗಳ ನಡುವೆ, ನಾಲ್ಕು ಮೊಟ್ಟೆಗಳಿದ್ದವು. ಅವುಗಳ ಮೇಲಿನ ಕಪ್ಪು ಚುಕ್ಕೆಗಳಿಂದಾಗಿ ಮೊಟ್ಟೆ ಯಾವುದು, ಕಲ್ಲು ಯಾವುದು ತಿಳಿಯುವಂತೆಯೇ ಇರಲಿಲ್ಲ.

"ಯಾರೂ ಮುಟ್ಟಬೇಡಿ. ಮೆಲ್ಲಗೆ ಹಿಂದೆ ಬನ್ನಿ" ಎಂದರು ಗುರುಗಳು.

ಎಲ್ಲರೂ ದೂರದ ಮರದ ಮರೆಯಲ್ಲಿ ಸುಮ್ಮನೆ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ಹಕ್ಕಿ ಕೆಳಗಿಳಿದು, ಅತ್ತ ಇತ್ತ ನೋಡಿ, ಮೊಟ್ಟೆಗಳ ಮೇಲೆ ಕುಳಿತಿತು. ಮಕ್ಕಳ ಮುಖ ಅರಳಿತು.

"ಗುರುಗಳೇ, ಹಕ್ಕಿ ಮರದಲ್ಲಿ ಗೂಡು ಕಟ್ಟಬಾರದೇ?" ಎಂದು ಹುಡುಗಿ ಕೇಳಿದಳು.

"ಎಲ್ಲ ಹಕ್ಕಿಗಳೂ ಮರದಲ್ಲಿ ಗೂಡು ಕಟ್ಟುವುದಿಲ್ಲ. ಟಿಟ್ಟಿಭ, ಗೌಜಲು, ನವಿಲು ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ದೊರವಾಯನ ಹಕ್ಕಿಯೂ ಹಾಗೆಯೇ. ತೆಲುಗಿನಲ್ಲಿ ಅದನ್ನು ಬಟ್ಟಮೇಕ ಎನ್ನುವರು. ಅದಕ್ಕಾಗಿಯೇ 1988ರಲ್ಲಿ ರೋಳ್ಳಪಾಡಿನಲ್ಲಿ ಅಭಯಾರಣ್ಯ ಮಾಡಿದರು. ರೋಳ್ಳಪಾಡು ಆಗ ನಮ್ಮ ಜಿಲ್ಲೆಯಲ್ಲಿತ್ತು. 2022ರಿಂದ ನಂದ್ಯಾಲ ಜಿಲ್ಲೆಯಲ್ಲಿದೆ. ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿಯೂ ಬೆರಳೆಣಿಕೆಯಷ್ಟು ಹಕ್ಕಿಗಳು ಕಂಡುಬಂದಿವೆ. ಇಡೀ ಜಗತ್ತಿನಲ್ಲಿ ಕಾಡಿನಲ್ಲಿರುವ ದೊರವಾಯನ ಹಕ್ಕಿಗಳು 200ಕ್ಕಿಂತ ಕಡಿಮೆ. ಅದು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಆ ಒಂದು ಮೊಟ್ಟೆ ನಾಯಿಯ ಬಾಯಿಗೆ ಹೋದರೆ ಏನಾಗಬಹುದು, ಯೋಚಿಸಿರಿ."

ಹುಡುಗ ತಲೆ ತಗ್ಗಿಸಿದನು. "ಹಾಗಾದರೆ ನನ್ನ ಮೋತಿ ಕೆಟ್ಟ ನಾಯಿಯೇ ಗುರುಗಳೇ?"

ಗುರುಗಳು ಅವನ ಬೆನ್ನು ತಟ್ಟಿದರು. "ಅಲ್ಲಪ್ಪಾ. ಓಡುವುದನ್ನು ಅಟ್ಟುವುದು ನಾಯಿಯ ಸ್ವಭಾವ. ಹಟ್ಟಿಗೆ ತೋಳ ಬಂದರೆ ಅದೇ ಸ್ವಭಾವ ನಿಮ್ಮ ಕುರಿಗಳನ್ನು ಉಳಿಸುತ್ತದೆ. ಕಾಡಿನಲ್ಲಿ ಅದೇ ಕೇಡಾಗುತ್ತದೆ. ಇದು ಹಟ್ಟಿ, ಇದು ಕಾಡು ಎಂದು ಮೋತಿಗೆ ತಿಳಿಯದು. ನಮಗೆ ತಿಳಿಯುತ್ತದೆ. ಆದ್ದರಿಂದ ಹಗ್ಗ ನಮ್ಮ ಕೈಯಲ್ಲಿರಬೇಕು."

ಹುಡುಗ ಹಗ್ಗವನ್ನು ಎರಡು ಕೈಗಳಿಂದಲೂ ಹಿಡಿದುಕೊಂಡನು. ಮಧ್ಯಾಹ್ನ ಎಲ್ಲರೂ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದರು. ಮೋತಿಗೂ ರೊಟ್ಟಿಯ ಪಾಲು ಸಿಕ್ಕಿತು.

ಕಾಡಿಗೆ ಹೋಗುವಾಗ ನೆನಪಿಡಿ

1. ಹಿರಿಯರ ಜೊತೆಯಲ್ಲಿಯೇ ಹೋಗಿರಿ.
2. ನಾಯಿಗೆ ಹಗ್ಗ ಕಟ್ಟಿ ಹಿಡಿದುಕೊಳ್ಳಿರಿ. ಲಸಿಕೆ ತಪ್ಪದೆ ಹಾಕಿಸಿರಿ.
3. ಮೊಟ್ಟೆ, ಮರಿಗಳನ್ನು ಮುಟ್ಟಬೇಡಿರಿ.
4. ಬೆಂಕಿ ಹಚ್ಚಬೇಡಿರಿ. ಪ್ಲಾಸ್ಟಿಕ್ ಚೀಲಗಳನ್ನು ಎಸೆಯಬೇಡಿರಿ.
5. ಯಾವುದೇ ನಾಯಿ ಕಚ್ಚಿದರೆ ಗಾಯವನ್ನು ಸಾಬೂನಿನಿಂದ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿರಿ.

ಅಭ್ಯಾಸ

ಪದಗಳ ಅರ್ಥ:
ಹಟ್ಟಿ - ಕುರಿಗಳನ್ನು ಕೂಡುವ ಸ್ಥಳ
ಕಂದಕ - ಉದ್ದನೆಯ ತಗ್ಗು
ಇಂಗು - ನೆಲದೊಳಗೆ ಇಳಿ
ಕೇಡು - ಹಾನಿ

ಅ) ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ.
1. ಬೋಳಾಗಿದ್ದ ಗುಡ್ಡ ಮತ್ತೆ ಹಸಿರಾದುದು ಹೇಗೆ?
2. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳು ಯಾವುವು?
3. "ಹಗ್ಗ ನಮ್ಮ ಕೈಯಲ್ಲಿರಬೇಕು" ಎಂದು ಗುರುಗಳು ಏಕೆ ಹೇಳಿದರು?

ಆ) ಬಿಟ್ಟ ಸ್ಥಳ ತುಂಬಿರಿ.
1. ಆಂಧ್ರಪ್ರದೇಶದ ರಾಜ್ಯಪ್ರಾಣಿ ________.
2. ದೊರವಾಯನ ಹಕ್ಕಿಯನ್ನು ತೆಲುಗಿನಲ್ಲಿ ________ ಎನ್ನುವರು.

ಇ) ಮಾಡಿ ನೋಡಿರಿ.
ನಿಮ್ಮ ಊರಿನ ಗುಡ್ಡ ಅಥವಾ ತೋಪಿನಲ್ಲಿರುವ ಐದು ಗಿಡಮರಗಳ ಹೆಸರುಗಳನ್ನು ಹಿರಿಯರಿಂದ ಕೇಳಿ, ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆಯಿರಿ.